ಗಂಟೆಗೊಂದು ಅಂಗುಲದ ಮಳೆ

ನಮ್ಮ ಹಿರಿಯರು ಜಮೀನನ್ನು ಬೀಜದಿಂದ ಅಳೆಯುತ್ತಿದ್ದರು. ‘ಅವರದು ಹತ್ತು ಕೊಳಗದ ಗದ್ದೆ’ ಎಂದರೆ ಹತ್ತು ಕೊಳಗ ಬಿತ್ತನೆ ಬತ್ತ ಹಿಡಿಯುವಷ್ಟು ನೆಲ ಎಂದರ್ಥ. ಎಕರೆ, ಗುಂಟೆಗಳು ದಾಖಲೆಯಲ್ಲಿದ್ದರೂ ಬಾಯಲ್ಲಿ ಇರುತ್ತಿದ್ದದ್ದು ಕೊಳಗ, ಖಂಡುಗಗಳೇ. ಬತ್ತ ಅಳೆಯುವ ಪಾತ್ರೆಯಿಂದ ನೆಲ ಅಳೆಯುವುದು ಇಂದಿನವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಆ ಮಾತಿನ ಹಿಂದೆ ಯಾರೂ ಬಾಯಿ ಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿದ್ದ ಒಂದು ಲೆಕ್ಕವಿತ್ತು: ಇಷ್ಟು ನೆಲಕ್ಕೆ ಇಷ್ಟು ಬೀಜ. ಅದಕ್ಕಿಂತ ಕಡಿಮೆಯಾದರೆ ಗದ್ದೆ ತೆಳುವಾಗುತ್ತದೆ. ಹೆಚ್ಚಾದರೆ ಪೈರು ಒಂದನ್ನೊಂದು ತಿನ್ನುತ್ತದೆ. ಬೀಜ ಎಷ್ಟು ಎನ್ನುವುದಷ್ಟೇ ಮುಖ್ಯವಲ್ಲ, ಎಷ್ಟು ನೆಲದ ಮೇಲೆ ಎನ್ನುವುದೂ ಮುಖ್ಯ ಎಂದು ರೈತನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ತೊಡಕಿದ್ದದ್ದು ಇನ್ನೊಂದು ಕಡೆ. ಕೊಳಗ ಊರಿಂದ ಊರಿಗೆ ಬೇರೆಯಾಗಿತ್ತು. ಒಂದು ಸಂತೆಯ ಕೊಳಗಕ್ಕೂ ಇನ್ನೊಂದು ಸಂತೆಯ ಕೊಳಗಕ್ಕೂ ಸೇರುಗಳ ವ್ಯತ್ಯಾಸ. ಹೆಸರು ಒಂದೇ, ಪಾತ್ರೆ ಬೇರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, ಮುಂದಿನ ಕೆಲವು ವರ್ಷಗಳಲ್ಲಿ ಕಿಲೋ, ಲೀಟರುಗಳು ಅಂಗಡಿಗೆ ಇಳಿದ ಮೇಲೆ ಈ ರಗಳೆ ಮುಗಿಯಿತೆಂದು ನಾವೆಲ್ಲ ತಿಳಿದುಕೊಂಡೆವು. ಮುಗಿದಿಲ್ಲ. ನೀರು ಶುದ್ಧಿ ಮಾಡುವ ಯಂತ್ರಗಳ ವಿನ್ಯಾಸದ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಆ ಕೊಳಗದ ಜಗಳ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತಲೇ ಬಂದಿದೆ.

ನೀರಿನ ಲೆಕ್ಕ ಎಂದರೆ ನಮ್ಮ ಜನಕ್ಕೆ ಅಪರಿಚಿತವೇನಲ್ಲ. ಮಳೆಗಾಲ ಬಂತೆಂದರೆ ಕೃಷ್ಣರಾಜಸಾಗರದ ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ನಮ್ಮ ಲೀಟರಿನಲ್ಲಿ 28.3. ಸುಮಾರು 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಇದು ಹರಿವಿನ ಲೆಕ್ಕ. ನಾಲೆ ಅಗಲವೋ ಕಿರಿದೋ ಎಂಬ ಪ್ರಶ್ನೆ ಇದರಲ್ಲಿಲ್ಲ. ಆದರೆ ಶೋಧಿಸುವವನಿಗೆ ಇಷ್ಟು ಸಾಲದು. ಮರಳಿನ ಹಾಸೋ, ಬಟ್ಟೆಯೋ, ತೆಳುವಾದ ಪೊರೆಯೋ, ಯಾವುದರ ಮೂಲಕ ನೀರು ಇಳಿಯಬೇಕೋ ಅದರ ಒಂದೊಂದು ಚದರ ಮೀಟರಿನ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಅವನು ತಿಳಿಯಬೇಕು. ಹರಿವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಈ ಸಂಖ್ಯೆಗೆ ನಮ್ಮ ವೃತ್ತಿಯಲ್ಲಿ ‘ಫ್ಲಕ್ಸ್’ ಎನ್ನುತ್ತೇವೆ. ಕೊಳಗದ ಗದ್ದೆಯ ಲೆಕ್ಕವೇ. ಜೊತೆಗೆ ಕಾಲ ಸೇರಿಕೊಂಡಿದೆ, ಅಷ್ಟೆ.

ಈ ಫ್ಲಕ್ಸಿಗೆ ಇರುವ ಹೆಸರುಗಳು ಒಂದೆರಡಲ್ಲ. ಪೊರೆ ಮಾರುವವನು ದಿನಕ್ಕೆ ಚದರಡಿಗೆ ಇಷ್ಟು ಗ್ಯಾಲನ್ ಎನ್ನುತ್ತಾನೆ. ಪೊರೆ ಬಳಸುವ ಇಂಜಿನಿಯರು ಗಂಟೆಗೆ ಚದರ ಮೀಟರಿಗೆ ಇಷ್ಟು ಲೀಟರ್ ಎನ್ನುತ್ತಾನೆ. ಮರಳಿನ ಶೋಧಕದ ಹಳೆಯ ಪುಸ್ತಕಗಳಲ್ಲಿ ನಿಮಿಷಕ್ಕೆ ಚದರಡಿಗೆ ಎರಡು ಗ್ಯಾಲನ್ ಎಂಬ ಮಾತು ಬರುತ್ತದೆ. ಹೊಸ ಪುಸ್ತಕದಲ್ಲಿ ಅದೇ ಗಂಟೆಗೆ ಐದು ಮೀಟರ್ ಎಂದಾಗಿರುತ್ತದೆ. ವಿದ್ಯಾರ್ಥಿ ಇಲ್ಲಿ ತಬ್ಬಿಬ್ಬಾಗುತ್ತಾನೆ. ಇಲ್ಲಿಯ ತನಕ ನೀರಿನ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ದೂರದ ಮಾತಾಡುತ್ತಾರಲ್ಲ! ಆದರೆ ಅದರಲ್ಲಿ ಮಾಯವೇನಿಲ್ಲ. ಘನ ಮೀಟರನ್ನು ಚದರ ಮೀಟರಿನಿಂದ ಭಾಗಿಸಿದರೆ ಉಳಿಯುವುದು ಬರೀ ಮೀಟರ್. ಅಂದರೆ ಫ್ಲಕ್ಸ್ ಎಂಬುದು ಎಷ್ಟೇ ಉದ್ದದ ಹೆಸರಿಟ್ಟುಕೊಂಡು ಬಂದರೂ ಕೊನೆಗೆ ಅದೊಂದು ವೇಗ. 1856ರಲ್ಲಿ ಫ್ರಾನ್ಸಿನ ದಿಜೋನ್ ಊರಿನ ನೀರು ಸರಬರಾಜಿನ ಬಗ್ಗೆ ಬರೆಯುತ್ತ ಹೆನ್ರಿ ಡಾರ್ಸಿ ಎಂಬ ಇಂಜಿನಿಯರು ಮರಳಿನ ಕಂಬದಲ್ಲಿ ನೀರು ಇಳಿಯುವ ಬಗೆಯನ್ನು ಅಳೆದು ತೋರಿಸಿದ. ಅವನ ಸೂತ್ರದಲ್ಲಿಯೂ ಇರುವುದು ಈ ವೇಗವೇ.

ಇದನ್ನು ಇನ್ನೂ ಸುಲಭವಾಗಿ ಹೇಳುವ ಒಂದು ದಾರಿಯಿದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಸುರಿದು ಹರಡಿದರೆ ಅದು ಸರಿಯಾಗಿ ಒಂದು ಮಿಲಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಹಾಗಾದರೆ ಗಂಟೆಗೆ ಚದರ ಮೀಟರಿಗೆ ಒಂದು ಲೀಟರ್ ಎಂದರೆ ಗಂಟೆಗೆ ಒಂದು ಮಿಲಿಮೀಟರ್ ಮಳೆ! ಹೋಬಳಿಯ ಮಳೆಮಾಪಕ ಅಳೆಯುವುದನ್ನೇ ನಮ್ಮ ಕಾರ್ಖಾನೆಯ ಮಾಪಕವೂ ಅಳೆಯುತ್ತದೆ. ಒಮ್ಮೆ ಎಲ್ಲವನ್ನೂ ಮಳೆಯ ಲೆಕ್ಕಕ್ಕೆ ಇಳಿಸಿದರೆ ಬೇರೆ ಬೇರೆ ಸಂಗತಿಗಳು ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತವೆ. ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ಕೆರೆಯಿಂದ ಆವಿಯಾಗಿ ಹೋಗುವುದು ದಿನಕ್ಕೆ ಆರೇಳು ಮಿಲಿಮೀಟರ್. ಉಪ್ಪು ತೆಗೆಯುವ ಪೊರೆಯಿಂದ ನೀರು ಹಾಯುವುದು ಗಂಟೆಗೆ ಸುಮಾರು 25 ಮಿಲಿಮೀಟರ್, ಎಂದರೆ ಒಂದು ಅಂಗುಲ. ಗೋಡೆ ಗಡಿಯಾರದ ನಾಲ್ಕಂಗುಲದ ಗಂಟೆಮುಳ್ಳಿನ ತುದಿ ಗಂಟೆಗೆ ಎರಡಂಗುಲ ಸರಿಯುತ್ತದೆ. ಪೊರೆಯಿಂದ ಹೊರಬರುವ ನೀರಿನದು ಅದರ ಅರ್ಧ ವೇಗ. ಗಂಟೆಗೆ 100 ಮಿಲಿಮೀಟರ್ ಮಳೆಯಾದರೆ ಹವಾಮಾನ ಇಲಾಖೆ ಅದನ್ನು ಮೇಘಸ್ಫೋಟ ಎನ್ನುತ್ತದೆ. ಮರಳಿನ ಹಾಸಿನಲ್ಲಿ ಗಂಟೆಗೆ ನೂರು, ಇನ್ನೂರು ಮಿಲಿಮೀಟರ್ ಇಳಿದರೆ ನಾವು ಅದನ್ನು ‘ನಿಧಾನ ಶೋಧಕ’ ಎನ್ನುತ್ತೇವೆ. ‘ವೇಗದ ಶೋಧಕ’ದಲ್ಲಿ ಅದು ಐದು ಸಾವಿರ ಮಿಲಿಮೀಟರ್ ದಾಟುತ್ತದೆ.

ಇಷ್ಟನ್ನು ನಾನು ವೃತ್ತಿಯ ಚಪಲಕ್ಕಾಗಿ ಹೇಳುತ್ತಿಲ್ಲ. ಈ ಲೆಕ್ಕದಿಂದ ಒಬ್ಬ ಹುಡುಗನ ಮರ್ಯಾದೆ ಉಳಿದದ್ದನ್ನು ನೋಡಿದ್ದೇನೆ.

2017ರ ಬೇಸಿಗೆ. ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಸದಸ್ಯನಾಗಿದ್ದ ನನ್ನ ಸೋದರಮಾವನ ಮಗ ಫೋನು ಮಾಡಿದ. “ಭಾವ, ನೀರಿನ ಘಟಕದ ವಿಷಯ ಊರಲ್ಲಿ ದೊಡ್ಡ ಪಂಚಾಯಿತಿ ಆಗಿದೆ. ನೀವೊಂದ್ಸಲ ಬಂದು ನೋಡಿ ಹೋಗಿ” ಎಂದ. ಆ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು. ಬೇರೆ ಗತಿಯಿಲ್ಲದಿದ್ದರೆ ಒಂದೂವರೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಬಣ್ಣಕ್ಕೆ ತಿರುಗಿ, ಕೀಲುಗಳು ಬಿಗಿದು, ಬೆನ್ನು ಬಾಗುವುದನ್ನು ಅಲ್ಲಿ ಯಾರೂ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಆದ್ದರಿಂದ ಶುದ್ಧ ಕುಡಿಯುವ ನೀರಿನ ಘಟಕ ಎಂಬುದು ಆ ಊರಿಗೆ ಸೌಕರ್ಯವಲ್ಲ, ಔಷಧಿ.

ಘಟಕದ ಗೋಡೆಯ ಮೇಲೆ ಅದನ್ನು ಕಟ್ಟಿಕೊಟ್ಟ ಗುತ್ತಿಗೆದಾರರು ದಪ್ಪಕ್ಷರದಲ್ಲಿ ‘ಗಂಟೆಗೆ 1,800 ಲೀಟರ್’ ಎಂದು ಬರೆಸಿದ್ದರು. ನೋಡಿಕೊಳ್ಳುತ್ತಿದ್ದವನು ಐಟಿಐ ಓದಿದ ಇಪ್ಪತ್ತೆರಡರ ಹುಡುಗ. ಕರೆಂಟು ಇದ್ದಾಗ ದಿನಕ್ಕೆ ಎಂಟು ಗಂಟೆ ನಡೆಸಿ, ಇಪ್ಪತ್ತು ಲೀಟರಿನ ಕ್ಯಾನಿಗೆ ಎರಡು ರೂಪಾಯಿಯಂತೆ ನೀರು ಕೊಟ್ಟು, ಪ್ರತಿ ಕ್ಯಾನನ್ನೂ ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಬರೆದಿಡುತ್ತಿದ್ದ. ದಿನಕ್ಕೆ ಸುಮಾರು 280 ಗೆರೆ. ಊರಿನವರೊಬ್ಬರು ಒಂದು ದಿನ ಕುಳಿತು ಲೆಕ್ಕ ಹಾಕಿದರು. ಗಂಟೆಗೆ 1,800 ಎಂದರೆ ಎಂಟು ಗಂಟೆಗೆ 14,400 ಲೀಟರ್, 720 ಕ್ಯಾನು. ಪುಸ್ತಕದಲ್ಲಿರುವುದು 280. ಉಳಿದ 440 ಕ್ಯಾನು ಎಲ್ಲಿ? ದಿನಕ್ಕೆ 880 ರೂಪಾಯಿ ಯಾರ ಜೇಬಿಗೆ? ರಾತ್ರಿ ಹೊತ್ತು ಟ್ಯಾಂಕರು ಬರುವುದನ್ನು ಕಂಡವರೂ ಹುಟ್ಟಿಕೊಂಡರು. ಗುಣಾಕಾರ ಸರಿಯಾಗಿಯೇ ಇತ್ತು. ಅದಕ್ಕೇ ಆಪಾದನೆಗೆ ಅಷ್ಟು ಬಲ ಬಂದಿತ್ತು.

ನಾನು ಹೋದಾಗ ಹುಡುಗ ಮಾತೇ ಆಡಲಿಲ್ಲ. ಅವನ ತಾಯಿ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದರು. ಮೊದಲು ಮಾಡಿದ ಕೆಲಸ ತೀರ ಸರಳ: ಖಾಲಿ ಕ್ಯಾನೊಂದನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿದೆ. ತುಂಬಲು ಒಂದು ನಿಮಿಷ ಮೂವತ್ತು ನಾಲ್ವತ್ತು ಸೆಕೆಂಡು ಬೇಕಾಯಿತು. ಮೂರು ಸಲ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ಗಂಟೆಗೆ 720 ಲೀಟರಿನ ಆಸುಪಾಸು. ಅಂದರೆ ಪುಸ್ತಕದ ಗೆರೆಗಳಿಗೂ ನಲ್ಲಿಗೂ ತಾಳೆಯಾಯಿತು.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. “ಹಾಗಾದರೆ ಇವನು ಮಿಷನ್ ಕೆಡಿಸಿದ್ದಾನೆ” ಎಂದರು ಸಮಿತಿಯವರು. ಸಾವಿರದ ಎಂಟುನೂರು ಬರಬೇಕಾದ ಕಡೆ ಏಳುನೂರು ಬರುತ್ತಿದೆಯೆಂದರೆ ಕಳ್ಳತನವಲ್ಲದಿದ್ದರೆ ಬೇಜವಾಬ್ದಾರಿ. ಬಿಸಾಡುವ ನೀರಿನ ವಾಲ್ವನ್ನು ಬಿಗಿಮಾಡಿ ಒತ್ತಡ ಏರಿಸೆಂದು ಹಿಂದೆಯೇ ಹೇಳಿದ್ದರಂತೆ, ಇವನು ಕೇಳಿರಲಿಲ್ಲವಂತೆ. ಆಗ ಹುಡುಗ ಮೊದಲ ಸಲ ಬಾಯಿ ತೆರೆದ: “ಬಿಗಿ ಮಾಡಿದರೆ ಪೊರೆ ಕಟ್ಟಿಕೊಳ್ತದೆ ಸಾರ್. ಟ್ರೈನಿಂಗಲ್ಲಿ ಹೇಳಿದ್ದರು.”

ನಾನು ಪೊರೆಯ ಜೊತೆ ಬಂದಿದ್ದ ಕಾಗದ ಕೇಳಿದೆ. ಕಬ್ಬಿಣದ ಕಪಾಟಿನಿಂದ ಅದು ಹೊರಬಂತು. ನಾಲ್ಕಂಗುಲ ದಪ್ಪ, ನಾಲ್ವತ್ತಂಗುಲ ಉದ್ದದ ಕೊಳವೆಗಳು, ಒಟ್ಟು ನಾಲ್ಕು. ಒಂದೊಂದರೊಳಗೂ ಸುರುಳಿ ಸುತ್ತಿದ ಪೊರೆಯ ವಿಸ್ತೀರ್ಣ 78 ಚದರಡಿ, ಎಂದರೆ 7.2 ಚದರ ಮೀಟರ್. ಒಂದೊಂದರ ಸಾಮರ್ಥ್ಯ ದಿನಕ್ಕೆ 2,400 ಗ್ಯಾಲನ್. ಗ್ಯಾಲನ್ ಎಂಬ ಪದ ಕಂಡ ತಕ್ಷಣ ನನಗೆ ಅನುಮಾನ ಬಂತು. ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಲೆಕ್ಕ ಬರೆದೆ. ನಾಲ್ಕು ಪೊರೆಗೆ 9,600 ಗ್ಯಾಲನ್. ನಾಲ್ಕೂವರೆಯಿಂದ ಗುಣಿಸಿದರೆ 43,200 ಲೀಟರ್. ಇಪ್ಪತ್ತನಾಲ್ಕು ಗಂಟೆಗೆ ಭಾಗಿಸಿದರೆ ಸರಿಯಾಗಿ 1,800! ಗೋಡೆಯ ಮೇಲಿನ ಸಂಖ್ಯೆ ಎಲ್ಲಿಂದ ಬಂದಿತೆಂಬುದು ತಿಳಿಯಿತು.

ಗ್ಯಾಲನ್ ಎರಡಿವೆ. ಇಂಗ್ಲೆಂಡಿನವರು 1824ರಲ್ಲಿ ಹತ್ತು ಪೌಂಡು ನೀರು ಹಿಡಿಯುವ ಪಾತ್ರೆಯನ್ನು ಗ್ಯಾಲನ್ ಎಂದು ಗೊತ್ತುಮಾಡಿಕೊಂಡರು. ಅದು 4.546 ಲೀಟರ್. ನಮ್ಮ ದೇಶಕ್ಕೆ ಬಂದದ್ದು ಅದೇ. ಹಳಬರು ಪೆಟ್ರೋಲನ್ನು ಅದರಲ್ಲೇ ಹಾಕಿಸಿಕೊಂಡರು. ನಾಲ್ಕೂವರೆಯಿಂದ ಗುಣಿಸಬೇಕೆಂಬ ನಮ್ಮವರ ಅಭ್ಯಾಸ ಅಲ್ಲಿಯದು. ಅಮೆರಿಕದವರು ಮಾತ್ರ ಅದಕ್ಕೂ ಹಿಂದಿನ, 231 ಘನ ಅಂಗುಲದ, ದ್ರಾಕ್ಷಾರಸ ಅಳೆಯುತ್ತಿದ್ದ ಇಂಗ್ಲಿಷ್ ಗ್ಯಾಲನನ್ನೇ ಉಳಿಸಿಕೊಂಡರು. ಅದು 3.785 ಲೀಟರ್. ಪೊರೆಯ ಕಾಗದದಲ್ಲಿ ಇರುವುದು ಈ ಎರಡನೆಯದು. ಅದಕ್ಕೆ ಕಾರಣವೂ ಇದೆ. ಬಳಕೆಗೆ ಬರುವಂಥ ಪೊರೆಯನ್ನು 1960ರ ಸುಮಾರಿಗೆ ಮೊದಲು ಮಾಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ವಿಭಾಗದಲ್ಲಿದ್ದ ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋದ ಸೌರಿರಾಜನ್. ಹುಟ್ಟಿದೂರಿನ ಅಳತೆಯನ್ನು ಪೊರೆ ಇಂದಿಗೂ ಬಿಟ್ಟಿಲ್ಲ. ಆ ಗ್ಯಾಲನಿನಲ್ಲಿ ಲೆಕ್ಕ ಹಾಕಿದರೆ 1,800 ಇಳಿದು 1,514 ಆಗುತ್ತದೆ. ಇನ್ನೂರ ಎಂಬತ್ತಾರು ಲೀಟರ್ ನೀರು ಪೊರೆಯಲ್ಲಿ ಎಂದೂ ಇರಲಿಲ್ಲ. ಹೆಸರಿನಲ್ಲಿ ಮಾತ್ರ ಇತ್ತು.

ಆದರೂ 1,514ಕ್ಕೂ 720ಕ್ಕೂ ಬಹಳ ಅಂತರ. ಗುಣಾಕಾರ, ಭಾಗಾಕಾರಗಳು ಕೈಬಿಡುವುದು ಇಲ್ಲಿ. ಕಾಗದದ ಕೆಳಗೆ ಸಣ್ಣಕ್ಷರದಲ್ಲಿ ಪರೀಕ್ಷೆಯ ನಿಬಂಧನೆಗಳಿರುತ್ತವೆ: ಲೀಟರಿಗೆ 2,000 ಮಿಲಿಗ್ರಾಂ ಅಡಿಗೆ ಉಪ್ಪು ಮಾತ್ರ ಕರಗಿಸಿದ ಶುದ್ಧ ನೀರು, ಚದರ ಅಂಗುಲಕ್ಕೆ 225 ಪೌಂಡು ಒತ್ತಡ, 25 ಡಿಗ್ರಿ ಉಷ್ಣತೆ, ನೂರು ಲೀಟರ್ ಹಾಯಿಸಿ ಹದಿನೈದು ಮಾತ್ರ ತೆಗೆಯುವುದು. ಹೊಸ ಪೊರೆ ಅಂಥ ನೀರಿನಲ್ಲಿ ಗಂಟೆಗೆ ಚದರ ಮೀಟರಿಗೆ 52 ಲೀಟರ್ ಕೊಡುತ್ತದೆ. ಕೊಳವೆಬಾವಿಯ ನೀರಿನಲ್ಲಿ ಸುಣ್ಣವಿದೆ, ಮರಳಿನ ನುಣುಪು ಧೂಳಿದೆ, ನಾವು ನೂರರಲ್ಲಿ ಹದಿನೈದಲ್ಲ, ಐವತ್ತು ತೆಗೆಯಲು ನೋಡುತ್ತೇವೆ. ಅರ್ಧ ನೀರು ಸಿಹಿಯಾಗಿ ಹೊರಬಂದರೆ ಉಳಿದರ್ಧದಲ್ಲಿ ಉಪ್ಪು ಸುಮಾರು ಇಮ್ಮಡಿಯಾಗುತ್ತದೆ. ಫ್ಲಕ್ಸ್ ಏರಿಸಿದಷ್ಟೂ ಉಪ್ಪು ಪೊರೆಯ ಮೈಮೇಲೆ ಒತ್ತಾಗಿ ನಿಂತು, ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಪರೆ ಕಟ್ಟುವಂತೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಇಂಥ ನೀರಿಗೆ ವಿನ್ಯಾಸ ಮಾಡುವವರು 25ರಿಂದ 30ರೊಳಗೆ ನಿಲ್ಲಿಸುತ್ತಾರೆ. ನಾಲ್ಕು ಪೊರೆಯ ಒಟ್ಟು ವಿಸ್ತೀರ್ಣ 28.8 ಚದರ ಮೀಟರ್. 25ರಿಂದ ಗುಣಿಸಿದರೆ 720. ಹುಡುಗನ ಯಂತ್ರ ಕೆಟ್ಟಿರಲಿಲ್ಲ. ಇರಬೇಕಾದ ಹದದಲ್ಲಿಯೇ ಇತ್ತು.

ಇದನ್ನೆಲ್ಲ ನಾನು ಕ್ಯಾಲೆಂಡರ್ ಹಾಳೆ ಹಿಡಿದು ವಿವರಿಸಿದೆ. ಎಲ್ಲರೂ ಮರ್ಯಾದೆಯಿಂದ ತಲೆಯಾಡಿಸಿದರು, ಯಾರಿಗೂ ಅರ್ಥವಾಗಲಿಲ್ಲ. ಬೆಂಗಳೂರಿನಿಂದ ಬಂದ ನೆಂಟ ಹುಡುಗನ ಪರ ಏನೋ ಹೇಳುತ್ತಿದ್ದಾನೆ ಎಂಬ ಭಾವ ಮುಖಗಳ ಮೇಲಿತ್ತು. ಆಗ ನಾನು ಹಾಳೆಯನ್ನು ಪಕ್ಕಕ್ಕಿಟ್ಟು ಸಮಿತಿಯ ಹಿರಿಯ ರೈತರೊಬ್ಬರನ್ನು ಕೇಳಿದೆ: “ತಾತ, ಈ ನಾಲ್ಕು ಕೊಳವೆಯೊಳಗಿನ ಪೊರೆ ಬಿಚ್ಚಿ ಹಾಸಿದರೆ ಮೂರು ಚದರದ ಮನೆಯಷ್ಟು ಜಾಗ ಆಗುತ್ತದೆ. ಅಷ್ಟು ತಾರಸಿಯ ಮೇಲೆ ಗಂಟೆಗೊಂದು ಅಂಗುಲ ಮಳೆ ಬಿದ್ದರೆ ಎಷ್ಟು ನೀರೋ ಅಷ್ಟು ಈ ನಲ್ಲಿಯಲ್ಲಿ ಬರುತ್ತಿದೆ. ಗೋಡೆಯ ಮೇಲೆ ಬರೆದಿರುವುದು ಗಂಟೆಗೆ ಎರಡೂವರೆ ಅಂಗುಲದ ಮಳೆ. ಒಂದು ಗಂಟೆಯಲ್ಲ, ದಿನಾ ಎಂಟು ಗಂಟೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಗಂಟೆಗೆ ಎರಡೂವರೆ ಅಂಗುಲವೇ? ಅಂಥ ಮಳೆ ಅರ್ಧ ದಿವಸ ಹೊಡೆದರೆ ಒಂದು ಬದುವೂ ನಿಲ್ಲೋದಿಲ್ಲಪ್ಪ” ಎಂದರು. ಆಮೇಲೆ ಹುಡುಗನ ಕಡೆ ತಿರುಗಿ, “ವಾಲ್ವು ತಿರುಗಿಸದೆ ಇದ್ದದ್ದೇ ಒಳ್ಳೇದಾಯ್ತು ಬಿಡು” ಎಂದರು. ಪಂಚಾಯಿತಿ ಅಲ್ಲಿಗೆ ಮುಗಿಯಿತು. ನನ್ನ ಒಂದು ಹಾಳೆ ಲೆಕ್ಕ ಮಾಡಲಾಗದ್ದನ್ನು ಒಂದು ಬದು ಮಾಡಿತು.

ಏಳುವ ಮುಂಚೆ ತಾತ ಇನ್ನೊಂದು ಪ್ರಶ್ನೆ ಕೇಳಿದರು. “ದಿನಕ್ಕೆ ಎಂಟಂಗುಲ ಅಂದರೆ ಮೂರು ದಿನಕ್ಕೆ ನಮ್ಮ ಒಂದು ವರ್ಷದ ಮಳೆ ಆಯ್ತು. ಅಷ್ಟು ಮಳೆ ಎಲ್ಲಿಂದ ಬರ್ತಾ ಇದೆ?” ಆ ಸೀಮೆಯ ವರ್ಷದ ಮಳೆ ಐದಾರು ನೂರು ಮಿಲಿಮೀಟರ್, ಅವರ ಲೆಕ್ಕ ಸರಿಯಾಗಿಯೇ ಇತ್ತು. ಪೊರೆಯ ಜಾಗ ಮೂರು ಚದರ ಮಾತ್ರ, ಊರಿನ ನೆಲ ದೊಡ್ಡದು ಎಂದು ನಾನು ಸಮಾಧಾನ ಹೇಳಬಹುದಿತ್ತು. ಆದರೆ ಹಿಂದಿನ ಚರಂಡಿಯಲ್ಲಿ ಬಿಸಾಡಿದ ಉಪ್ಪುನೀರು ಹರಿದು ಹೋಗುತ್ತಿದ್ದುದನ್ನು ಇಬ್ಬರೂ ನೋಡುತ್ತಿದ್ದೆವು. ಸಿಹಿನೀರು ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಅದೂ ಕೊಳವೆಬಾವಿಯಿಂದ ಬರಬೇಕಿತ್ತು. ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ತಾತನಿಗೆ ಅದು ಗೊತ್ತಿತ್ತು ಎಂದೇ ಕಾಣುತ್ತದೆ. ಎದ್ದು ಪಂಚೆ ಕೊಡವಿಕೊಂಡು ಹೊರಟರು.

ಗೋಡೆಯ ಮೇಲಿನ ಅಕ್ಷರ ಅಳಿಸಿ ‘ಗಂಟೆಗೆ 700 ಲೀಟರ್’ ಎಂದು ಬರೆಸಲು ಆರು ತಿಂಗಳು ಹಿಡಿಯಿತಂತೆ. ಸಂಖ್ಯೆ ಕಡಿಮೆಯಾದರೆ ಊರಿಗೇ ಅವಮಾನ ಎಂದು ಕೆಲವರು ತಕರಾರು ಮಾಡಿದರಂತೆ. ಹುಡುಗ ಇನ್ನೆರಡು ವರ್ಷ ಅಲ್ಲಿಯೇ ಇದ್ದ. ಪೊರೆಗಳೂ ಅಷ್ಟು ಕಾಲ ಬಾಳಿದವು. 2019ರಲ್ಲಿ ಅವನಿಗೆ ತಿರುಮಣಿಯ ಬಳಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಕಳ್ಳನೆನ್ನಿಸಿಕೊಂಡ ಜಾಗದಲ್ಲಿ ಎಷ್ಟು ದಿನ ಇರಲಾದೀತು ಎಂದು ಅವನ ತಾಯಿ ನನ್ನ ನೆಂಟನ ಹತ್ತಿರ ಹೇಳಿದ್ದರಂತೆ. ಲೆಕ್ಕ ಸರಿಯಾದರೂ ಕೆಲವು ಮಾತು ಅಳಿಯುವುದಿಲ್ಲ.

ಕೆಲಸಕ್ಕೆ ಸೇರಿದ ಒಂದು ತಿಂಗಳಿಗೆ ಅವನೇ ಫೋನು ಮಾಡಿದ. ಸೌರಫಲಕದ ಬೆನ್ನಿನ ಮೇಲೆ ಬರೆದಿರುವ ವಾಟಿಗೂ ಮೀಟರಿನಲ್ಲಿ ಬರುವ ವಾಟಿಗೂ ತಾಳೆಯಾಗುವುದಿಲ್ಲವೆಂದು ಯಾರೋ ಅಲ್ಲಿ ಕೂಗಾಡುತ್ತಿದ್ದರಂತೆ. ಫಲಕಕ್ಕೂ ಪರೀಕ್ಷೆಯ ನಿಬಂಧನೆ ಉಂಟು: ಚದರ ಮೀಟರಿಗೆ 1,000 ವಾಟ್ ಬಿಸಿಲು, ಫಲಕದ ಮೈ 25 ಡಿಗ್ರಿ. ಪಾವಗಡದ ಮಧ್ಯಾಹ್ನ ಫಲಕದ ಮೈ ಎಲ್ಲಿ 25 ಡಿಗ್ರಿ ಇರಲು ಸಾಧ್ಯ? ಕಾದಷ್ಟೂ ಅದು ಕೊಡುವುದು ಕಡಿಮೆ. “ನಾನು ಮೊದಲು ಸಣ್ಣಕ್ಷರ ಓದಿದೆ ಸಾರ್. ಇಲ್ಲೂ ಚದರ ಮೀಟರಿನ ಲೆಕ್ಕವೇ” ಎಂದ. ಆಮೇಲೆ, ಬಿಸಿಲಿಗೂ ಮಳೆಯ ಹಾಗೆ ಯಾವುದಾದರೂ ಸುಲಭದ ಲೆಕ್ಕವಿದೆಯೇ, ಕೂಗಾಡುವವರಿಗೆ ಹೇಳಬೇಕು ಎಂದು ಕೇಳಿದ. ನಾನು ಯೋಚಿಸಿ ಹೇಳುತ್ತೇನೆ ಎಂದೆ.